ಸಿಹಿ ನೀರಿನ ಗುರುತು

ನೀರು ಹುಡುಕುವ ಮಷಿನ್‌ನ ಅಂಕಿಗಳು ಮತ್ತೆ ಹುಚ್ಚೆದ್ದು ಕುಣಿದವು. ಅಜಿತ್ ತಿರುಗಿ ನೋಡಿದ. ಎರಡೇ ಹೆಜ್ಜೆ ಹಿಂದೆ ಗಿರಿಜಾ ನಿಂತಿದ್ದಳು.

"ಅಮ್ಮ, ನಿಮ್ಮತ್ರ ಕಬ್ಣ ಎಂತಾರೂ ಇತ್ತಾ?"

ಸೆರಗಿನ ಮರೆಯಿಂದ ಕತ್ತಿಯೊಂದು ಹೊರಬಂತು.

"ಮರ್ತೇ ಹೋಯ್ತ್ ಮಾರಾಯ್ರೆ."

"ಬೆಳಿಗ್ಗೆಯೇ ಹೇಳಿದ್ದೆ. ಭೂಮಿಯೊಳ್ಗೆ ಕಳ್ಸಿದ ಅಲೆ ತಿರ್ಗಿ ಬಪ್ಪುದ್ ಕಂಡೇ ಇದ್ ನೀರ್ ಹೇಳುದ್. ಕಬ್ಣ ಇದ್ರೆ ಲೆಕ್ಕ ತಪ್ಪತ್ತ್."

ಗಿರಿಜಾ ಕತ್ತಿಯನ್ನು ಜಗಲಿಯ ಮೇಲಿಟ್ಟು ಬಂದಳು. ಗಂಡ ತೀರಿಕೊಂಡ ಮೇಲೆ ನಾವುಂದ ಊರಿನಲ್ಲಿ ಅಣ್ಣ ಭೋಜನ ಹೆಸರಿನಲ್ಲಿರುವ ಈ ಗುಡ್ಡದ ಮನೆ ಸೇರಿ ಹನ್ನೊಂದು ವರ್ಷ. ಶಿವರಾತ್ರಿ ಕಳೆಯುವಷ್ಟರಲ್ಲಿ ಬಾವಿ ಬತ್ತುತ್ತದೆ. ಆಮೇಲೆ ಮಳೆ ಹಿಡಿಯುವವರೆಗೂ ಗುಡ್ಡದ ಕೆಳಗಿನ ಬಾಗಿಯ ಮನೆಯಿಂದ ಕೊಡಪಾನದಲ್ಲಿ ನೀರು ಹೊರಬೇಕು. ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಭೋಜನೇ ಅಜಿತ್‌ನನ್ನೂ ಈ ಮಷಿನನ್ನೂ ಕಳಿಸಿದ್ದ. ತಂಗಿಯ ಕಷ್ಟ ನೋಡಲಾರದೆ ಕಳಿಸಿದ್ದಾರೆ ಎಂದು ಬಾಗಿ ಊರೆಲ್ಲ ಹೊಗಳಿಕೊಂಡು ಬಂದಿದ್ದಳು. ಈಗ ಅವಳೂ ಅಂಗಳದಲ್ಲಿ ಕಾದು ನಿಂತಿದ್ದಳು.

ಗೇರುಮರದ ಬುಡದಲ್ಲಿ ಅಜಿತ್ ನಿಂತ. ಗಿರಿಜಾ ಕಣ್ಣು ಮುಚ್ಚಿದಳು. ತುಟಿ ಮಾತ್ರ ಅಲುಗುತ್ತಿತ್ತು.

"ಇಲ್ಲ್ ನೀರಿತ್ತ್ ಅಮ್ಮ."

"ಉಪ್ಪ್ ನೀರಾ ಎಂತದೊ. ಸಮುದ್ರ ಹತ್ರವೇ ಅಲ್ದಾ?"

"ಉಪ್ಪಾರೆ ಅಂಕಿ ಇನ್ನೂ ಮೇಲ್ ಹೋತಿತ್ತ್. ಇದ್ ಸಿಹಿ ನೀರೇ."

"ಇನ್ನೊಂದ್ ಸಲ ಕಾಣಿ."

ಅವನು ನೋಡಿದ. ಅದೇ ಅಂಕಿ. ಅವಳು ಕೈಮುಗಿದಳು. ಮೂರನೇ ಸಲವೂ ನೋಡಿದ.

"ಮಷಿನ್ ತಪ್ಪುದೇ ಇಲ್ಯಾ?"

"ತಪ್ಪತ್ತ್. ಆದ್ರೆ ಮೂರ್ ಸಲವೂ ಒಂದೇ ನಮೂನಿ ತಪ್ಪುದಿಲ್ಲೆ."

ಅಜಿತ್ ಫೋನಿನಲ್ಲಿ ಭೋಜನಿಗೆ ಅಂಕಿಯ ಫೋಟೊ ಕಳಿಸಿ, ನೆಲಕ್ಕೊಂದು ಗೂಟ ಹೊಡೆದ. ಗಿರಿಜಾ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಬಾಗಿ ಓಡಿಬಂದು ಅವಳ ಬೆನ್ನು ಸವರಿದಳು. "ಎಂತಕ್ಕೆ ಅಳುದ್ ಗಿರಿಜಕ್ಕ? ಇನ್ ಕೊಡಪಾನ ಹೊರುದ್ ತಪ್ತಲೆ!"

"ಹೌದ್ ಬಾಗಿ, ತಪ್ತ್."

ಗಿರಿಜಾಳ ಫೋನ್ ಹೊಡೆದುಕೊಂಡಿತು. ಗಿರಿಜಾ ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದು, ಬೇರೆ ದಾರಿಯಿಲ್ಲದೆ ಕಿವಿಗಿಟ್ಟಳು. ಭೋಜನ ದನಿಯಲ್ಲಿ ಸಂಭ್ರಮ.

"ನೀರಿತ್ತಂಬ್ರಲೆ ಗಿರಿಜಾ! ನಾ ಮೊದ್ಲೇ ಹೇಳಿದ್ನಲೆ, ಜಾಗ ತಕಂಬ ರೆಸಾರ್ಟಿನವ್ರ್ ಅದೊಂದಕ್ಕೇ ಕಾಯ್ತಿದ್ರ್. ಮುಂದಿನ ತಿಂಗ್ಳೇ ಮನಿ ಒಡಿತ್ರ್, ನೀನ್ ಬೇರೆ ಎಲ್ಲಾರೂ ಕಂಡ್ಕೋ."