ಕತ್ತರಿಗೆಂದು ಬರೆದ ಪ್ಯಾರಾ

ಅಂಕಣದ ಕೊನೆಯ ಪ್ಯಾರಾ ಪೇಪರಿನಲ್ಲಿ ಇದ್ದದ್ದು ಇದ್ದ ಹಾಗೇ ಅಚ್ಚಾಗಿರುವುದನ್ನು ಕಂಡು ಅಂಕಣಕಾರ ಕಾಫಿ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದ. ‘ಸರ್ಕಾರಿ ಆಸ್ಪತ್ರೆಯನ್ನು ಮಾರುವುದು ಸುಧಾರಣೆಯಲ್ಲ, ಹಗಲುದರೋಡೆ. ಮಂತ್ರಿಗೂ ಅದರಲ್ಲಿ ಪಾಲಿದೆ.’

ಅದು ಅಚ್ಚಾಗಲೆಂದು ಬರೆದದ್ದೇ ಅಲ್ಲ. ಕತ್ತರಿ ಆಡಿಸದಿದ್ದರೆ ಸಂಪಾದಕಿಗೆ ಸಮಾಧಾನವಿಲ್ಲ. ಅದಕ್ಕೇ ಪ್ರತಿ ವಾರ ಕೊನೆಗೊಂದು ಬೆಂಕಿಯಂಥ ಪ್ಯಾರಾ ಸೇರಿಸುತ್ತಿದ್ದ. ಆಕೆ ಅದನ್ನು ಕಿತ್ತುಹಾಕುತ್ತಿದ್ದಳು, ಮೇಲಿನದೆಲ್ಲ ಉಳಿಯುತ್ತಿತ್ತು. “ನಾನಂತೂ ಬರ್ದಿದ್ದೆ, ಅವರೇ ತೆಗೆದ್ರು” ಎಂದು ಸ್ನೇಹಿತರ ಮುಂದೆ ಮೀಸೆ ತಿರುವಲೂ ಅನುಕೂಲವಾಗಿತ್ತು.

“ಏನ್ ಮೇಡಂ, ಕೊನೇ ಪ್ಯಾರಾ ತೆಗೀಲಿಲ್ವಾ?” ತಕ್ಷಣ ಫೋನ್ ಮಾಡಿ ಕೇಳಿದ.

“ಇಲ್ಲ ಸಾರ್. ತೆಗೆದು ತೆಗೆದು ನಂಗೇ ನಾಚಿಕೆ ಆಗ್ತಿತ್ತು,” ಎಂದಳು ಸಂಪಾದಕಿ. “ನಾಳೆ ಕ್ಷಮಾಪಣೆ ಹಾಕಿ ಅಂದ್ರು ಮಾಲೀಕರು. ಬರೆದವರಿಗೇ ಇಲ್ಲದ ಭಯ ನಂಗ್ಯಾಕೆ ಅಂತ ಈಗಷ್ಟೇ ರಾಜೀನಾಮೆ ಕೊಟ್ಟು ಬಂದೆ.”