ಜಡೆ ಹೆಣೆಯುವ ತುಣುಕು

ವಿಜಯಶ್ರೀಯ ಸುದ್ದಿ ನೆಲೋಗಿಗೆ ಮುಟ್ಟಿದ ದಿನ ತಾಯಿ ಕಸ್ತೂರಿಬಾಯಿ ಒಲೆ ಹೊತ್ತಿಸಲಿಲ್ಲ. ದೌಲತರಾಯರು ಲಿಂಗಪೂಜೆ ಮುಗಿಸಿ ಹೊರಗೆ ಬಂದರು. ಓಣಿಯವರಿಗೆ ಒಂದೇ ಮಾತು ಹೇಳಿದರು: "ನಮ್ಮ ಮಗಳು ಹೋದಳ್ರಿ."

ಎಲ್ಲಿ, ಹೇಗೆ ಎಂದು ಯಾರೂ ಕೇಳಲಿಲ್ಲ. ಅವರ ಮುಖ ನೋಡಿ ಕೇಳುವ ಧೈರ್ಯವಾಗಲಿಲ್ಲ.

ಕೆಲವು ದಿನಗಳ ಮೇಲೆ ಜೇವರ್ಗಿಯ ಸ್ಟುಡಿಯೊದಿಂದ ಹಫೀಜ ಆಳಂದದ ಮಧುಮತಿಗೆ ಫೋನ್ ಮಾಡಿದ. ಅವಳು ವಿಡಿಯೊ ಕೆಲಸ ಮಾಡಿಕೊಡುವವಳು. ಅವನು ಅವಳ ಮುಖ ಕಂಡವನಲ್ಲ.

"ಶ್ರದ್ಧಾಂಜಲಿ ವಿಡಿಯೊ ಅದರಿ, ಮೇಡಮ್ಮರ. ನೆಲೋಗಿ ದೌಲತರಾಯರ ಮಗಳದು. ನಾಳೆ ಪ್ರಾರ್ಥನೆ ಹೊತ್ತಿಗೆ ಬೀಗರು ಬಿಜ್ಜರು ಎಲ್ಲಾರ ಮೊಬೈಲಿಗೂ ಮುಟ್ಟಬೇಕಂತ."

ಹಫೀಜ ಮೊಬೈಲನ್ನು ಇನ್ನೊಂದು ಕಿವಿಗೆ ಹಿಡಿದ.

"ಕೇಳಸ್ತದೇನ್ರಿ? ಕೈಯಾಗ ಕೆಲಸ ಭಾಳ ಇದ್ರ ಕಲಬುರ್ಗಿಯವರಿಗೆ ಕೊಡ್ತೇನಿ."

"ಬ್ಯಾಡ. ನಾನೇ ಮಾಡ್ತೇನಿ. ಏನಾಗಿತ್ತಂತ ಆಕೀಗೆ?"

"ಕೇಳಿದ್ನಿ. ರಾಯರು ನನ್ನ ಸುಟ್ಟು ತಿನ್ನಂಗ ನೋಡಿದ್ರು. ವಿಡಿಯೊದಾಗ ಮಗಳೊಬ್ಬಾಕೀನೇ ಇರ್ಬೇಕು, ಮನಿಯವರು ಯಾರೂ ಕಾಣಬಾರದು ಅಂದ್ರು. ಆಮ್ಯಾಲ ಏನೂ ಉಳೀಬಾರದಂತ. ಹಳೇ ಕ್ಯಾಸೆಟ್ ಎಲ್ಲಾ ನನ್ನ ಮುಂದೇ ಸುಟ್ರು. ನಾನು ಮಾಡಿದ್ದ ಕಾಪಿ ನಿಮಗ ಕಳಿಸಿದ ಮ್ಯಾಲ ಅದನ್ನೂ ಅಳಸಬೇಕಂತ. ದುಃಖ ಅಂದ್ರ ಹಂಗ ಇರ್ತದ ಬಿಡ್ರಿ."

ಹಫೀಜ ಹಾಗೇ ಮಾಡಿದ. ಆ ಹುಡುಗಿಯ ಬಾಲ್ಯ ಒಂದೇ ಕಡೆ ಉಳಿಯಿತು: ಮಧುಮತಿ ಕ್ಲೌಡ್‌ನಲ್ಲಿ ಇಂಟರ್ನೆಟ್ ಮೂಲಕ ಬಾಡಿಗೆಗೆ ಹಿಡಿದ ದೂರದ ಕಂಪ್ಯೂಟರ್ ಯಂತ್ರದಲ್ಲಿ. ಅದು ಯಾವ ದೇಶದಲ್ಲಿದೆಯೋ ಅವಳಿಗೂ ತಿಳಿಯದು. ವಿಡಿಯೊದ ರೂಪ ಬದಲಿಸಲೆಂದೇ ಮಾಡಿದ ಚಿಪ್‌ಗಳು ಅದರಲ್ಲಿದ್ದವು. ದೊಡ್ಡ ಪರದೆಗೆ, ಟೀವಿಗೆ, ಅಗ್ಗದ ಮೊಬೈಲಿಗೆ ಬೇಕಾದ ಅಳತೆಗಳನ್ನೆಲ್ಲ ಅದು ಒಮ್ಮೆಗೇ ತೆಗೆದುಕೊಡುತ್ತಿತ್ತು. ಒಮ್ಮೆ ನಿಲ್ಲಿಸಿದರೆ ಅದರ ಡಿಸ್ಕ್ ಬರಿದು. ಅದರಲ್ಲಿದ್ದದ್ದು ಯಾರು ಅತ್ತರೂ ತಿರುಗಿ ಬರದು.

ಕೆಲಸ ಮಾಡುತ್ತ ಮಧುಮತಿ ಒಂದು ತುಣುಕಿನಲ್ಲಿ ನಿಂತುಬಿಟ್ಟಳು. ಕಸ್ತೂರಿಬಾಯಿ ಪುಟ್ಟ ಮಗಳಿಗೆ ಜಡೆ ಹೆಣೆಯುತ್ತಿದ್ದಾಳೆ. "ತಲಿ ಅಲ್ಲಾಡಿಸಬ್ಯಾಡ ಬೇ, ಹೆಳಲ ಸೊಟ್ಟ ಆಗ್ತದ."

ನೋಡುತ್ತಿದ್ದ ಮಧುಮತಿ ತಲೆ ಅಲ್ಲಾಡಿಸದೆ ಕುಳಿತಳು.

"ಮಧುಮತಿ," ಎಂದು ಅತ್ತೆ ಮಲ್ಕಮ್ಮ ಬಾಗಿಲಿಂದ ಕರೆದಳು. ಅವಳು ತಿರುಗಲಿಲ್ಲ. ಮತ್ತೊಮ್ಮೆ ಕರೆದಳು. "ಹೆಸರು ಹಿಡದು ಕರದ್ರೂ ಓ ಅನ್ನಂಗಿಲ್ಲಲ್ಲ, ಆ ಯಂತ್ರದಾಗ ಹೊಕ್ಕೊಂಡಿಯೇನು? ರೊಟ್ಟಿ ಆರತಾವ, ಏಳು. ಜೈಭೀಮ ನಿನ್ನ ಬಿಟ್ಟು ಉಣ್ಣಂಗಿಲ್ಲ ಅಂತ ಕುಂತಾನ."

ವಿಡಿಯೊ ಎಲ್ಲರಿಗೂ ಹೋಯಿತು. ಯಂತ್ರವನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಮರುದಿನ ನೆಲೋಗಿಯ ಅಂಗಳದಲ್ಲಿ ಪರದೆ ಕಟ್ಟಿದ್ದರು. ವಚನ ಹಾಡುತ್ತಿದ್ದರು. ಹಫೀಜ ಕಿವಿಗೆ ವಾಯರು ಸಿಕ್ಕಿಸಿಕೊಂಡು, ವಿಡಿಯೊ ಕಾಲ್ ಮಾಡಿ ಅವಳಿಗೆ ಎಲ್ಲವನ್ನೂ ತೋರಿಸಿದ. ಅವಳು ತನ್ನ ಕ್ಯಾಮೆರಾ ಮುಚ್ಚಿಟ್ಟಿದ್ದಳು.

"ಚೊಲೊ ಬಂದದರಿ. ಉಳಿದದ್ದು ಅಳಿಸಿದ್ರೇನು ಅಂತ ರಾಯರು ಕೇಳಾಕತ್ತಾರ."

"ತಾಯೀಗೆ ಒಮ್ಮೆ ಕೇಳ್ರಿ. ಹೆಳಲ ಹಾಕೋ ತುಣುಕು ಒಂದು ಅದ. ಅದೊಂದು ಇಟ್ಕೋತೀರೇನು ಅಂತ ಕೇಳ್ರಿ."

ಹಫೀಜ ಕಸ್ತೂರಿಬಾಯಿಯ ಬಳಿ ಹೋಗಿ ಕೇಳಿದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡನ ಕಡೆ ನೋಡಿದಳು. ಆಮೇಲೆ ಸೆರಗು ತೆಗೆದಳು.

"ಹೋದಾಕೀದು ನನಗ್ಯಾಕೋ ಯಪ್ಪಾ. ಅಳಸು ಅನ್ನು."

ಆಳಂದದಲ್ಲಿ ಮಧುಮತಿಗೆ ಅದು ಸ್ಪಷ್ಟವಾಗಿ ಕೇಳಿತು. ಅವಳು ಯಂತ್ರ ನಿಲ್ಲಿಸಿದಳು.

ಅಂಗಳದಲ್ಲಿ ಎಲ್ಲರೂ ಎದ್ದು ಕೈ ಜೋಡಿಸಿದರು. ನೆಲೋಗಿಯ ಮನೆ ಬಿಟ್ಟು ಜೈಭೀಮನ ಕೈ ಹಿಡಿದು ಬಂದ ದಿನ ಮಲ್ಕಮ್ಮ ಹೊಸ ಹೆಸರಿಡುವವರೆಗೂ ವಿಜಯಶ್ರೀಯಾಗಿದ್ದವಳು, ಪರದೆಯ ಮೇಲೆ ಹಾರ ಹಾಕಿಸಿಕೊಂಡ ತನ್ನ ಭಾವಚಿತ್ರಕ್ಕೆ ತಾನೂ ಕೈ ಜೋಡಿಸಿದಳು: "ಬಸವಾ, ಆಕೀ ಆತ್ಮಕ್ಕ ಶಾಂತಿ ಕೊಡು."