ಕೇಪ್‌ಟೌನಿಗೆ ಸುತ್ತುದಾರಿ

ಜೊಹಾನ್ಸ್‌ಬರ್ಗಿನ ಆಸ್ಪತ್ರೆಯೊಂದರಲ್ಲಿ ಸುಮಂಗಲಾಗೆ ಕೆಲಸ ಸಿಕ್ಕಿದ್ದರಿಂದ ಗಂಡ ಗುರುಪಾದನೂ ಅವಳ ಹಿಂದೆ ಬಂದಿದ್ದ. ಬಂದಂದಿನಿಂದ ಅವಳು ಮಾಡಿದ್ದರಲ್ಲೆಲ್ಲ ಅವನಿಗೆ ಹುಳುಕೇ ಕಾಣುತ್ತಿತ್ತು. ಈಗ ರಜೆಯಲ್ಲಿ ಕಾರಿನಲ್ಲಿ ಕೇಪ್‌ಟೌನಿಗೆ ಹೋಗುವುದೆಂದು ಅವಳು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತಿದ್ದಳು.

ಗುರುಪಾದ ಚಹಾದ ಲೋಟವನ್ನು ನಕ್ಷೆಯ ಸಮುದ್ರದ ಮೇಲೆಯೇ ಕುಕ್ಕಿದ.

"ನೆಟ್ಟಗಿನ ದಾರಿ ಬಿಟ್ಟು ಮೊದಲ ಡ್ರೇಕನ್ಸ್‌ಬರ್ಗ್ ಗುಡ್ಡ, ಆಮ್ಯಾಲೆ ಸಮುದ್ರದ ದಂಡಿ. ಇದಕ್ಕ ಪ್ಲಾನ್ ಅಂತಾರೇನು?"

"ಆ ದಾರಿ ಭಾಳ ಛಂದ ಐತಂತ್ರಿ."

"ಧಾರವಾಡದ ಪ್ಯಾಟ್ಯಾಗ ದಾರಿ ತಪ್ಪಿಸ್ಕೊಂಡಾಕಿ ನೀ. ನಿನ್ನ ಬಾಜೂಕ ಕುಂತು ನಾ ಗುಡ್ಡ ನೋಡಬೇಕೇನು? ಶಾಣ್ಯಾರು ವಿಮಾನದಾಗ ಹೋಗ್ತಾರ."

"ಅದಕ್ಕ ನಿಮಗ ವಿಮಾನದ ಟಿಕೆಟ್ಟೇ ತಗದೇನ್ರಿ."

ಕೊನೆಗೂ ತನ್ನ ಮಾತೇ ನಡೆಯಿತೆಂದು ಗುರುಪಾದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತ.

"ಈಗ ಬುದ್ಧಿ ಬಂತು ನೋಡು. ಕೇಪ್‌ಟೌನಿಗೆ ಎಷ್ಟೊತ್ತಿಗೆ ಮುಟ್ಟತೈತಿ?"

ಸುಮಂಗಲಾ ನಕ್ಷೆಯಿಂದ ತಲೆ ಎತ್ತಲಿಲ್ಲ.

"ಕೇಪ್‌ಟೌನಿಗಲ್ಲರಿ, ನಿಮ್ಮ ಅವ್ವನ ಮನಿಗೆ. ಹೋಗೂದಷ್ಟ ತಗದೇನಿ, ಬರೂದು ತಗದಿಲ್ಲ."